ಬೆನ್ನು ಹಾಕಿ ನಿಂತ ಜೋಡಿ

ಒಬ್ಬರಿಗೊಬ್ಬರು ಬೆನ್ನು ಹಾಕಿ ನಿಂತವರಲ್ಲಿ ಹೊಂದಾಣಿಕೆಯಿಲ್ಲ ಎಂದು ಮಠದಲ್ಲಿ ಎಲ್ಲರೂ ನಂಬಿದ್ದರು. ಅಡುಗೆ ಮಾಡುವ ಶಿಷ್ಯ ಮರುಳಯ್ಯನೂ ನಂಬಿದ್ದ. ಒಂದು ದಿನ ಅವನು ಗುರುಗಳ ಬಳಿ ಬಂದು ಕೇಳಿದ:

"ಕೊಟ್ರಯ್ಯನನ್ನು ಶಾಖಾಮಠಕ್ಕೆ ಕಳಿಸಬಾರದೇ? ಆರು ವರ್ಷದಿಂದ ಇಬ್ಬರಿಗೂ ಒಂದೇ ಅಡುಗೆಮನೆ. ನಾನು ಒಲೆಯ ಕಡೆ ತಿರುಗಿದರೆ ಅವನು ಬಾಗಿಲ ಕಡೆ. ಮುಖ ಕೊಟ್ಟು ಒಂದು ಮಾತಿಲ್ಲ."

"ಸಾರು ಚೆನ್ನಾಗಿಯೇ ಇರುತ್ತದಲ್ಲ," ಎಂದರು ಗುರುಗಳು. ಮರುಳಯ್ಯ ಕದಲಲಿಲ್ಲ. ಗುರುಗಳು ಕತೆ ಹೇಳಿದರು.

ಒಬ್ಬ ರೈತನಿಗೆ ಎರಡು ಎತ್ತುಗಳಿದ್ದವು. ನೊಗಕ್ಕೆ ಕಟ್ಟಿದರೆ ಸರಿಯಾಗಿಯೇ ಉಳುತ್ತಿದ್ದವು. ಮೇಯಲು ಬಿಟ್ಟರೆ ಮಾತ್ರ, ಬಿಸಿಲೇರಿದ ಮೇಲೆ, ಒಂದು ಮೂಡಣಕ್ಕೆ ಮುಖ ಮಾಡಿ ನಿಲ್ಲುತ್ತಿತ್ತು, ಇನ್ನೊಂದು ಅದರ ಮಗ್ಗುಲಲ್ಲೇ ಪಡುವಣಕ್ಕೆ. ಮೈಮೇಲಿನ ಸುಳಿ ನೋಡಿ ಎತ್ತಿನ ಗುಣ ಹೇಳುವ ಪಂಡಿತನೊಬ್ಬ ಆ ದಾರಿಯಲ್ಲಿ ಬಂದ. ಅಂದು ಸುಳಿ ನೋಡುವ ಶ್ರಮವನ್ನೂ ಅವನು ತೆಗೆದುಕೊಳ್ಳಲಿಲ್ಲ.

"ಒಂದನ್ನು ಕಂಡರೆ ಇನ್ನೊಂದಕ್ಕೆ ಆಗದು. ಮುಖ ನೋಡುವುದಿಲ್ಲ, ಕಾಣುತ್ತಿಲ್ಲವೇ? ಒಂದನ್ನು ಮಾರಿಬಿಡು," ಎಂದ.

ರೈತ ಮನೆಗೆ ಬಂದು ಹೆಂಡತಿಗೆ ಹೇಳಿದ.

"ನೀವು ನನ್ನ ಮುಖ ನೋಡಿಕೊಂಡು ಉಂಡದ್ದು ಯಾವಾಗ?" ಎಂದಳು ಅವಳು. "ಸಂತೆಗೆ ನನ್ನನ್ನೂ ಹೊಡೆದುಕೊಂಡು ಹೋಗಿ."

ಸಂತೆಗೆ ಇನ್ನೂ ನಾಲ್ಕು ದಿನವಿತ್ತು. ಅಲ್ಲಿಯವರೆಗೆ ಇರಲಿ ಎಂದು ರೈತ ಎತ್ತುಗಳನ್ನು ಹುಲ್ಲುಗಾವಲಿನಲ್ಲಿ ದೂರ ದೂರ ಗೂಟಕ್ಕೆ ಕಟ್ಟಿದ. ಜಗಳವೇನೋ ಇರಲಿಲ್ಲ. ಮೇಯುವುದೂ ಇರಲಿಲ್ಲ. ಎರಡೂ ತಲೆ ಕೊಡವುತ್ತ, ಕಾಲು ಅಪ್ಪಳಿಸುತ್ತ ದಿನವಿಡೀ ನಿಂತವು. ಕಣ್ಣಿನ ಸುತ್ತ ನೊಣಗಳು ಕಪ್ಪಗೆ ಮುತ್ತಿದ್ದವು. ಕಣ್ಣಿಂದ ನೀರು ಸೋರುತ್ತಿತ್ತು. ಮೂರನೆಯ ದಿನಕ್ಕೆ ಪಕ್ಕೆಲುಬು ಎಣಿಸುವಂತಾಯಿತು.

ಸಂತೆಯ ದಿನ ರೈತ ಎರಡರ ಹಗ್ಗವನ್ನೂ ಬಿಚ್ಚಿದ. ಯಾವುದನ್ನು ಮಾರುವುದೆಂದು ಅವನು ತೀರ್ಮಾನಿಸುವ ಮೊದಲೇ ಎತ್ತುಗಳು ಬಿರಬಿರನೆ ನಡೆದು ಒಂದರ ಮಗ್ಗುಲಿಗೊಂದು ನಿಂತವು, ಹಿಂದಿನಂತೆಯೇ, ಬೇರೆ ಬೇರೆ ದಿಕ್ಕಿಗೆ. ಒಂದರ ಬಾಲ ಇನ್ನೊಂದರ ಮುಖದ ಮೇಲೆ ಬೀಸತೊಡಗಿತು. ತಲೆ ಕೊಡವುವುದು ನಿಂತಿತು. ಎರಡೂ ಬಾಯಿ ಹುಲ್ಲಿಗಿಳಿದವು.

ರೈತ ಹಗ್ಗವನ್ನು ಬೇಲಿಯ ಮೇಲೆ ಎಸೆದು ಊಟಕ್ಕೆ ಹೋದ.

ಮರುಳಯ್ಯ ತಲೆದೂಗಿದ. "ಒಳಗೊಳಗೆ ಪ್ರೀತಿಯಿತ್ತು ಅನ್ನಿ."

"ಎತ್ತುಗಳು ಹಾಗೇನೂ ಹೇಳಲಿಲ್ಲ," ಎಂದರು ಗುರುಗಳು. "ಯಾವ ಎತ್ತಿಗೂ ತನ್ನ ಬಾಲ ತನ್ನ ಮುಖಕ್ಕೆ ಎಟುಕುವುದಿಲ್ಲ."