ಗೌರಜ್ಜಿಯ ಸುರಂಗ

ಮನೆಮಂದಿ, ಗೆಳೆಯರೆಲ್ಲ ಸೇರಿ ಹಲಗೆಯ ಮೇಲೆ ಆಟಿಕೆ ರೈಲಿಗೊಂದು ಊರು ಕಟ್ಟಿದರು. ಗೌರಜ್ಜಿ ಹಳೇ ಪೇಪರಿಗೆ ಮೈದಾ ಅಂಟು ಬಳಿದು ಸುರಂಗ ಮಾಡಿದಳು. ಎಂಜಿನ್ನನ್ನು ನೆಲದ ಮೇಲಿಟ್ಟು ಅಳತೆ ನೋಡಿದವಳು, ಹಳಿಯ ಎತ್ತರ ಸೇರಿಸುವುದನ್ನೇ ಮರೆತಳು. ಮೊದಲ ಓಟದಲ್ಲೇ ಎಂಜಿನ್ನು ಸುರಂಗದೊಳಗೆ ಸಿಕ್ಕಿಕೊಂಡಿತು.

"ನನ್ನನ್ನೇ ತಡೆದೆಯಾ? ನಿನ್ನನ್ನು ಹರಿದು ಬಿಸಾಡುತ್ತಾರೆ, ನೋಡುತ್ತಿರು!" ಎಂದು ಎಂಜಿನ್ನು ಗುಡುಗಿತು.

"ಬಿಸಾಡಲಿ. ಅಜ್ಜಿಯ ಮನಸ್ಸು ಮಾತ್ರ ನೋಯದಿರಲಿ," ಎಂದಿತು ಸುರಂಗ.

"ಅಯ್ಯೋ, ಹಳಿ ಮರೆತೇಬಿಟ್ಟೆ ಕಣ್ರೋ!" ಎಂದು ಅಜ್ಜಿ ನಕ್ಕಳು. ಎಲ್ಲರೂ ನಗುತ್ತ, ತಲೆಗೆ ತಲೆ ತಾಗಿಸಿಕೊಂಡು ಸುರಂಗದೊಳಕ್ಕೆ ಇಣುಕಿದರು. ಅಲ್ಲಿಯವರೆಗೆ ಕೆಲಸ ಮಾಡುವ ಕೈಗಳನ್ನಷ್ಟೇ ಕಂಡಿದ್ದ ಎಂಜಿನ್ನಿಗೆ ಅಷ್ಟೂ ಮುಖಗಳು ಒಟ್ಟಿಗೆ ಕಂಡವು.

"ಅಂಟಿನ್ನೂ ಹಸಿಯಿದೆ. ಮೈ ಸಡಿಲಿಸಲೇ?" ಎಂದು ಸುರಂಗ ಕೇಳಿತು.

"ಬೇಡ," ಎಂದಿತು ಎಂಜಿನ್ನು, "ಇನ್ನೂ ಸ್ವಲ್ಪ ಹೊತ್ತು ಹಿಡಿದುಕೋ."