ಮರದಾನೆಯ ಗಿಡ್ಡ ಕಾಲು

ದಸರಾ ಬೊಂಬೆಗಳ ಪೆಟ್ಟಿಗೆಯಲ್ಲಿ ಒಂದು ಮರದ ಆನೆ ಇತ್ತು. ಅದನ್ನು ಮೊಮ್ಮಗಳು ಇಂಚರಾಳಿಗಾಗಿ ತಾತ ಕೆತ್ತಿದ್ದರು. ಅವರು ಬಡಗಿಯಲ್ಲ, ಪೋಸ್ಟ್ ಮಾಸ್ತರರು. ಹಾಗಾಗಿ ಆನೆಯ ಒಂದು ಕಾಲು ಗಿಡ್ಡವಾಗಿತ್ತು.

ಹಬ್ಬದ ಹಿಂದಿನ ದಿನ ಇಲಿಯೊಂದು ಸುದ್ದಿ ತಂದಿತು. “ಗಜರಾಜರೇ, ಅಂಗಡಿಯಿಂದ ಹೊಸ ಆನೆ ಬಂದಿದೆ. ನಾಲ್ಕು ಕಾಲೂ ಸಮ. ಬೊಂಬೆ ಮೆಟ್ಟಿಲ ಮೇಲೆ ತಮಗಿನ್ನು ಜಾಗವಿಲ್ಲ. ಅಪ್ಪಣೆಯಾದರೆ ತಮ್ಮ ಉದ್ದದ ಮೂರು ಕಾಲುಗಳನ್ನೂ ಕಡಿದು ಸಮ ಮಾಡುತ್ತೇನೆ.”

“ನೋವಾಗುತ್ತದೆಯೇ?”

“ನನಗಂತೂ ಇಲ್ಲ.”

ಪೆಟ್ಟಿಗೆಯಲ್ಲೇ ಉಳಿದುಬಿಡುವ ಭಯ ನೋವಿಗಿಂತ ದೊಡ್ಡದು. “ಆಗಲಿ” ಎಂದು ಆನೆ ಕಾಲು ಚಾಚಿತು. ಅಷ್ಟರಲ್ಲಿ ಮುಚ್ಚಳ ತೆರೆಯಿತು. ಇಲಿ ಮೆಟ್ಟಿಲ ಹಿಂದೆ ಅವಿತಿತು.

“ಆ ಕುಂಟಾನೆ ಅಲ್ಲೇ ಇರಲಿ ಬಿಡೇ,” ಎಂದರು ಇಂಚರಾಳ ಅಮ್ಮ. “ಹೊಸದು ನೋಡು, ಎಷ್ಟು ನೆಟ್ಟಗೆ ನಿಂತಿದೆ!”

“ಅದು ತಾನಾಗೇ ನಿಲ್ಲತ್ತಮ್ಮ. ನಾನೇನು ಮಾಡ್ಲಿ? ತಾತ ಇದಕ್ಕೆ ಮೂರೂವರೆ ಕಾಲು ಮಾಡಿ, ಉಳಿದ ಅರ್ಧ ನನಗೆ ಬಿಟ್ಟಿದಾರೆ.”

ಇಂಚರಾ ಮರದಾನೆಯನ್ನು ಮೇಲಿನ ಮೆಟ್ಟಿಲಲ್ಲಿಟ್ಟಳು. ಪ್ರತಿ ವರ್ಷದಂತೆ ಹಳೆಯ ಲಕೋಟೆಯೊಂದನ್ನು ನಾಲ್ಕಾಗಿ ಮಡಚಿ ಗಿಡ್ಡ ಕಾಲಿನಡಿ ಸಿಕ್ಕಿಸಿದಳು. ಬೆರಳಿನಿಂದ ಒಮ್ಮೆ ತಳ್ಳಿ ನೋಡಿದಳು. ಆನೆ ಅಲುಗಲಿಲ್ಲ. ಆಮೇಲೆ ಅದರ ಬೆನ್ನು ತಟ್ಟಿ ಊಟಕ್ಕೆ ಹೋದಳು.

ಕೆಳಗಿನ ಮೆಟ್ಟಿಲಲ್ಲಿ ನೆಟ್ಟಗೆ ನಿಂತಿದ್ದ ಹೊಸ ಆನೆ ಇದನ್ನೆಲ್ಲ ನೋಡಿತು. ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಕರೆಯಿತು.

“ಇಲಿರಾಯರೇ, ಸ್ವಲ್ಪ ಈಚೆ ಬರುತ್ತೀರಾ? ನನ್ನದೊಂದು ಕಾಲಿದೆ.”