ಮಡಿಕೆ ಬಿಚ್ಚದ ಸೀರೆ

“ಗುರುಗಳೇ, ಕಾಯಿಲೆಯೇ ಇಲ್ಲ ಎನ್ನುವವನಿಗೆ ಮದ್ದು ಕೊಡಿಸುವುದು ಹೇಗೆ?”

ಪಾಠಕ್ಕೆ ತಡವಾಗಿ ಬಂದ ಶಿಷ್ಯ ಹೀಗೆ ಕೇಳಿದ. ಅವನ ಕಾಲಿಗೆ ಮೊಣಕಾಲಿನವರೆಗೂ ಕೆಸರು ಮೆತ್ತಿತ್ತು.

“ನನ್ನ ತಮ್ಮ ಕುಡಿತಕ್ಕೆ ಬಿದ್ದಿದ್ದಾನೆ. ವೈದ್ಯರ ಬಳಿ ಹೋಗೋಣ ಎಂದರೆ, ನನ್ನ ಎಲೆತೋಟ ಹಸಿರಾಗಿಯೇ ಇದೆಯಲ್ಲ, ನನಗೇನಾಗಿದೆ ಎನ್ನುತ್ತಾನೆ.”

“ಊರವರು ಏನನ್ನುತ್ತಾರೆ?”

“ಊರಿಗೆ ಗೊತ್ತಾಗಲು ನಾನು ಬಿಟ್ಟಿಲ್ಲ, ಗುರುಗಳೇ.”

ಗುರು ಕತೆ ಹೇಳಿದರು.

ಒಂದೂರಿನಲ್ಲಿ ನೇಕಾರರ ಮನೆಯೊಂದಿತ್ತು. ಆ ಮನೆಯ ಸೀರೆಯನ್ನು ಯಾವ ವ್ಯಾಪಾರಿಯೂ ಮಡಿಕೆ ಬಿಚ್ಚಿ ನೋಡುತ್ತಿರಲಿಲ್ಲ. ಅಜ್ಜನ ಕಾಲದಿಂದ ಬಂದ ನಂಬಿಕೆ ಅದು. ಮನೆಯ ಯಜಮಾನಿಗೆ ಅದಕ್ಕಿಂತ ದೊಡ್ಡ ಒಡವೆ ಇರಲಿಲ್ಲ.

ಗಂಡ ತೀರಿಕೊಂಡ ಮೇಲೆ ಮಗ ಮಗ್ಗಕ್ಕೆ ಕೂತ. ಒಳ್ಳೆಯ ಕೈ. ಆಮೇಲೆ ಹೆಂಡದಂಗಡಿಯ ದಾರಿ ಹಿಡಿದ, ಕೈ ನಡುಗತೊಡಗಿತು. ಅಂಚು ಸೊಟ್ಟಗಾಯಿತು, ಎಳೆ ತಪ್ಪಿತು. ಮಗ ಕುಡಿದು ಮಲಗಿದ ಮಧ್ಯಾಹ್ನಗಳಲ್ಲಿ ತಾಯಿ ಬಾಗಿಲು ಹಾಕಿಕೊಂಡು, ಅವನು ನೇಯ್ದದ್ದನ್ನು ಬಿಚ್ಚಿ ಮತ್ತೆ ನೇಯುತ್ತಿದ್ದಳು. ಮಗ್ಗದ ಸದ್ದು ಕೇಳಿದ ನೆರೆಯವರು, “ನಿಮ್ಮ ಮಗನಿಗೆ ದಣಿವೇ ಇಲ್ಲ” ಎನ್ನುವರು. ಅವಳು ಹೌದೆನ್ನುವಳು. ಹಾಗೆನ್ನುವಾಗ ನೆಲ ನೋಡುವಳು.

ವೈದ್ಯರ ಮಾತೆತ್ತಿದರೆ ಮಗ ಸೀರೆಯನ್ನೇ ಎತ್ತಿ ಹಿಡಿಯುವನು. “ಇದರಲ್ಲಿ ಒಂದು ತಪ್ಪು ತೋರಿಸಮ್ಮ, ಈಗಲೇ ಬರ್ತೀನಿ. ವೈದ್ಯರಿಗೂ ಒಂದು ಪಂಚೆ ನೇಯ್ದು ಕೊಡ್ತೀನಿ.”

ತಾಯಿಗೆ ತೋರಿಸಲು ತಪ್ಪು ಸಿಗುತ್ತಿರಲಿಲ್ಲ. ಅದು ಉಳಿಯದಂತೆ ಅವಳೇ ನೋಡಿಕೊಂಡಿದ್ದಳು.

ಒಂದು ದಿನ ಮಗ ರಕ್ತ ಕಾರಿದ. ತಾಯಿ ಮೊದಲು ಓಡಿದ್ದು ಬಾಗಿಲ ಕಡೆಗೆ, ಅಗುಳಿ ಹಾಕಲು. ಮಗನ ಕಡೆಗೆ ತಿರುಗಿದ್ದು ಆಮೇಲೆ. “ಉಷ್ಣ, ಅಷ್ಟೇ” ಎಂದು ಅವನು ಬಾಯಿ ತೊಳೆದುಕೊಂಡ. ತಾನು ಮೊದಲು ಎತ್ತ ಓಡಿದೆ ಎಂಬುದು ನೆನಪಾಗಿ ತಾಯಿಯ ಮೈ ಹಿಡಿಯಾಯಿತು.

ಅಂದಿನಿಂದ ಅವಳು ಮಗ್ಗ ಮುಟ್ಟಲಿಲ್ಲ. ಮಗ ನೇಯ್ದು ಮುಗಿಸಿದ್ದನ್ನು ಹಾಗೆಯೇ ಮಡಿಸಿಟ್ಟಳು.

ವ್ಯಾಪಾರಿ ಬಂದ. ಸೀರೆಯನ್ನು ಗಂಟಿಗೆ ಸೇರಿಸಹೋದ. ತಾಯಿ ತಡೆದಳು. “ಬಿಚ್ಚಿ ನೋಡಿ.”

“ನಿಮ್ಮ ಮನೆ ಸೀರೆ ಬಿಚ್ಚಿದರೆ ಸತ್ತ ನಮ್ಮಪ್ಪ ಎದ್ದು ಬಂದು ಬೈತಾನೆ, ತಾಯಿ,” ಎಂದು ವ್ಯಾಪಾರಿ ನಕ್ಕ.

ಅವಳೇ ಬಿಚ್ಚಿದಳು. ಸೊಟ್ಟ ಅಂಚು ಜಗಲಿಯ ಉದ್ದಕ್ಕೂ ಹರಡಿತು. ವ್ಯಾಪಾರಿ ಬೇರೆ ಕಡೆ ನೋಡಿದ.

“ಇದು ಯಾರ ನೇಯ್ಗೆ?” ಎಂದು ಒಳಗಿನಿಂದ ಬಂದ ಮಗ ಕೇಳಿದ.

“ನಿನ್ನದು, ಮಗಾ. ಇಷ್ಟು ದಿನ ನಿನ್ನದು ಎಂದು ನೀನು ನೋಡಿದ್ದು ನನ್ನದು.” ಅವಳು ತಲೆ ಎತ್ತಲಿಲ್ಲ.

ಮಗ ಸೀರೆ ಮಡಿಸಲು ಕೂತ. ಕೈ ನಡುಗಿ ಮಡಿಕೆ ತಪ್ಪಿತು. ಮತ್ತೆ ಮಡಿಸಿದ, ಮತ್ತೆ ತಪ್ಪಿತು. ತಾಯಿಯ ಬೆರಳುಗಳು ಚಡಪಡಿಸಿದವು. ಅವಳು ಕೈ ಹಾಕಲಿಲ್ಲ.

ಬಹಳ ಹೊತ್ತಿನ ಮೇಲೆ ಮಗ ಸೀರೆಯನ್ನು ಬದಿಗಿಟ್ಟ. “ವೈದ್ಯರ ಮನೆಗೆ ನೀನೂ ಬರ್ತೀಯೇನಮ್ಮ?” ಎಂದ.

ಗುರು ಕತೆ ನಿಲ್ಲಿಸಿದರು.

“ಪಾಪ, ಹೊರಗಿನವರ ಮುಂದೆ ಆ ಮಗನ ಮಾನ ಹೋಯಿತಲ್ಲ,” ಎಂದ ಶಿಷ್ಯ.

ಗುರು ಅವನ ಕಾಲಿನ ಕೆಸರನ್ನು ನೋಡಿ ಕೇಳಿದರು: “ಇವತ್ತು ಯಾರ ತೋಟಕ್ಕೆ ನೀರು ಹಾಯಿಸಿ ಬಂದೆ?”